ಎಂಟು ನಿಂಬೆಹಣ್ಣಿನ ಕಾರು

“ಇನ್ನ ನಮ್ಮ ಕಾರು ಹನಿ ಪೆಟ್ರೋಲ್ ಮುಟ್ಟೂದಿಲ್ಲ!”

೧೯೭೪ರ ಸಂಕ್ರಾಂತಿಯಂದು, ಕುಸುರೆಳ್ಳು ಬಾಯಲ್ಲಿರುವಾಗಲೇ, ಗದಗಿನ ವಿಜ್ಞಾನ ಮಾಸ್ತರ ಶ್ರೀಪಾದರಾಯರು ಘೋಷಿಸಿಬಿಟ್ಟರು. ಪೆಟ್ರೋಲಿನ ಬೆಲೆ ಏರಿದಂದಿನಿಂದ ತಂದೆಯ ಕಾಲದ ಅವರ ಕಾರು ಅಂಗಳದಲ್ಲಿ ಬೆಕ್ಕಿನ ಬಾಣಂತನಕ್ಕೆ ಮೀಸಲಾಗಿತ್ತು.

ಮೂರು ತಿಂಗಳಲ್ಲಿ ಎಂಜಿನ್ ಇಳಿಯಿತು. ಬ್ಯಾಟರಿಗಳ ಸಾಲು, ಹಳೆಯದೊಂದು ವಿದ್ಯುತ್ ಮೋಟರು ಏರಿದವು. ಗೇರುಗಳನ್ನು ಮಾತ್ರ ರಾಯರು ಮುಟ್ಟಗೊಡಲಿಲ್ಲ. “ಗೇರ್ ಹಾಕೂ ಮಜಾನ ಇಲ್ಲಂದ್ರ ಅದು ಕಾರಲ್ಲ, ತೊಟ್ಟಿಲಾ!”

“ಆತು,” ಎಂದಳು ಹೆಂಡತಿ ಅಂಬುಬಾಯಿ. “ಶುಕ್ರವಾರ ಬೆಟಗೇರಿಗೆ, ನನ್ನ ತವರಮನಿಗೆ ಮುಟ್ಟಸ್ರಿ. ಮುಟ್ಟಲಿಲ್ಲಂದ್ರ ಶನಿವಾರ ಗುಜರಿಗೆ!”

ಶುಕ್ರವಾರ ಅವಳು ನಾಲ್ಕೂ ಗಾಲಿಗಳ ಮುಂದೆ ಒಂದೊಂದು ನಿಂಬೆಹಣ್ಣಿಟ್ಟಳು. ರಾಯರು ನಕ್ಕರು. “ಇದು ವಿಜ್ಞಾನ! ಇದಕ್ಕ ನಿಂಬಿಹಣ್ಣು ಯಾಕ?”

ಮೊದಲನೆಯ ಗೇರು ಹಾಕಿ ಪೆಡಲು ಒತ್ತಿದರು. ಕಾರು ಸದ್ದಿಲ್ಲದೆ, ರಾಜಗಾಂಭೀರ್ಯದಿಂದ ಹೊರಟಿತು... ಹಿಂದಕ್ಕೆ! ಎರಡು ಮೊಳ ಸರಿಯುವಷ್ಟರಲ್ಲಿ ಸಂಡಿಗೆ ಒಣಹಾಕಿದ್ದ ಹಗ್ಗದ ಹೊರಸು ಮಗುಚಿತು.

“ಸಂಡಿಗಿ ಹೋದ್ವು. ನಿಂಬಿಹಣ್ಣು ಹಂಗ ಅದಾವ,” ಎಂದಳು ಅಂಬುಬಾಯಿ. “ವಿಜ್ಞಾನ ಯಾವ ಊರಿಗೆ ಹೊಂಟಿತ್ರಿ?”

ಮೋಟರು ಕೂಡಿಸಿದ್ದ ಮಿಸ್ತ್ರಿ ನಬಿಸಾಬನಿಗೆ ಕರೆ ಹೋಯಿತು. ಅವನು ಬಂದವನೇ ಕಿಸೆಯಿಂದ ಚೀಟಿ ತೆಗೆದ. “ಮೋಟರು ಗಡಿಯಾರದ ಮುಳ್ಳಿನಂಗ ತಿರಗಬೇಕಂತ ನೀವ ಬರದೀರಲ್ರಿ ಮಾಸ್ತರ? ಹಂಗ ಕೂಡ್ಸೇನಿ.”

“ಮುಂದಿನಿಂದ ನೋಡಿದ್ರ, ನಬಿಸಾಬ!”

“ನಾ ಹಿಂದಿನಿಂದ ಕಾರಿನ ಕೆಳಗ ಹೊಕ್ಕು ಮಲಗಿದ್ದೆ. ಮುಂದಿನಿಂದ ಅಂತ ಚೀಟಿನಾಗ ಎಲ್ಲೈತ್ರಿ?”

ಎಲ್ಲಿಯೂ ಇರಲಿಲ್ಲ! ‘ಯಾವ ಕಡೆಯಿಂದ ನೋಡಿದಾಗ’ ಎಂದು ಬರೆಯದ ಹುಡುಗರಿಗೆ ಇಪ್ಪತ್ತು ವರ್ಷ ಅರ್ಧರ್ಧ ಅಂಕ ಕಡಿದವರು ಇದೇ ರಾಯರು.

ನಬಿಸಾಬ ಎರಡು ವಯರು ಅದಲುಬದಲು ಮಾಡಿದ. ಅಂಬುಬಾಯಿ ಗಾಲಿಗಳ ಹಿಂದೆಯೂ ನಾಲ್ಕು ನಿಂಬೆಹಣ್ಣಿಟ್ಟು ಕಾರಿನಲ್ಲಿ ಬಂದು ಕುಳಿತಳು. “ನಿಮ್ಮ ವಿಜ್ಞಾನ ಯಾವ ಕಡಿಂದ ನೋಡ್ತದೋ, ಯಾರಿಗೆ ಗೊತ್ತು!”

ಕಾರು ಮುಂದಕ್ಕೆ ಹೊರಟಿತು! ಎಂಜಿನ್ನಿನ ಗದ್ದಲವಿಲ್ಲದ್ದರಿಂದ ನಿಂಬೆಹಣ್ಣು ಒಡೆದದ್ದೂ ಕೇಳಿಸಿತು. ಎರಡನೆಯ ಗೇರು ಬಿತ್ತು. ಆಹಾ, ಅದೇ ಹಳೆಯ ಸುಖ! ಅಂಗಳದ ಬಾಗಿಲು ದಾಟಿದೊಡನೆ ರಾಯರು ಬ್ರೇಕ್ ಒತ್ತಿದರು.

“ಮತ್ತೇನಾತ್ರಿ?”

ರಾಯರು ಹಿಂದೆ ತಿರುಗಿ ನೋಡಿ ಎಣಿಸಿದರು. ಆರು ಒಡೆದಿದ್ದವು, ಎರಡು ಉಳಿದಿದ್ದವು.

“ಏನಿಲ್ಲ,” ಎಂದು ದನಿ ತಗ್ಗಿಸಿದರು. “ಆ ಎರಡು ನಿಂಬಿಹಣ್ಣು ಆರಿಸ್ಕೊಂಡು ಬಾ. ಬೆಟಗೇರಿಯಿಂದ ತಿರುಗಿ ಬರೂದದ.”