ಅಳಿಯನ ಡ್ರಮ್ಮೂ ಭಜನೆಯ ಚಾಪೆಯೂ

ಚರ್ಮದ ಮೇಲೆ ಹೊಡೆದರೆ ಸದ್ದು ಬರುತ್ತದೆ. ಇದರಲ್ಲಿ ಕಲಿಯುವುದಕ್ಕೆ ಏನಿದೆ? ಡೊಂಬಿವಲಿಯ ನಮ್ಮ ಭಜನಾ ಮಂಡಳಿಯಲ್ಲಿ ಮೂವತ್ತೆಂಟು ವರ್ಷ ಪ್ರತಿ ಶನಿವಾರ ಮೃದಂಗ ಬಾರಿಸಿದ ನನಗೆ ಇಷ್ಟು ಆತ್ಮವಿಶ್ವಾಸ ಇದ್ದದ್ದು ತಪ್ಪಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದು ತಪ್ಪು.

ನನ್ನ ಅಳಿಯ ಪ್ರಸಾದನದು ಐರೋಲಿಯಲ್ಲಿ ಆಫೀಸು ಕೆಲಸ. ರಜೆಯ ದಿನ ಗೆಳೆಯರ ಜೊತೆ ರಾಕ್ ಬ್ಯಾಂಡ್. ರಾಕ್ ಬ್ಯಾಂಡ್ ಎಂದರೆ ಬಣ್ಣದ ದೀಪ, ಹೊಗೆ, ಕಿರುಚುವ ಹುಡುಗಿಯರು ಎಂದು ನಾನು ತಿಳಿದಿದ್ದೆ. ಇವರದು ಹಿಟ್ಟಿನ ಗಿರಣಿಯ ಹಿಂದಿನ ಕೋಣೆ. ಗಿರಣಿ ತಿರುಗಿದರೆ ಗಿಟಾರು ಕೇಳಿಸುವುದಿಲ್ಲ, ನಿಂತರೆ ಪಕ್ಕದ ಮನೆಯವರಿಗೆ ಕೇಳಿಸಿ ಜಗಳ. ಅರ್ಧ ಹೊತ್ತು ವಯರು ಬಿಡಿಸುವುದು, ಇನ್ನರ್ಧ ಹೊತ್ತು ಯಾವ ವಯರು ಸತ್ತಿದೆ ಎಂದು ಹುಡುಕುವುದು. ಉಳಿದ ಸಮಯದಲ್ಲಿ ಸಂಗೀತ!

ಹೀಗೆ ಎಂಟು ವರ್ಷ ಬೆವರು ಸುರಿಸಿದ ಮೇಲೆ ಅವರಿಗೊಂದು ಅವಕಾಶ ಬಂತು. ಪ್ರಸಾದನ ಆಫೀಸಿನ ವಾರ್ಷಿಕ ಸಮಾರಂಭದಲ್ಲಿ ಅವರ ಹಾಡು. ಕೇಳಲು ವಾಶಿಯ ಒಬ್ಬ ಹೋಟೆಲು ಮಾಲೀಕರು ಬರುತ್ತಾರೆ. ಮೆಚ್ಚಿದರೆ ಅವರ ಹೋಟೆಲಿನಲ್ಲಿ ಪ್ರತಿ ಭಾನುವಾರ ಇವರದೇ ಕಾರ್ಯಕ್ರಮ. ಸರಿಯಾಗಿ ಮೂರು ವಾರ ಇರುವಾಗ ಡ್ರಮ್ ಬಾರಿಸುವವನಿಗೆ ಪುಣೆಗೆ ವರ್ಗವಾಯಿತು.

"ನಾನಿದ್ದೇನಲ್ಲ!" ಎಂದೆ.

ನಮ್ಮ ಉಡುಪಿ ಕಡೆಯ ಅಳಿಯಂದಿರು ಮಾವನಿಗೆ 'ಬೇಡ' ಎನ್ನುವುದಿಲ್ಲ. "ಪರವಾಗಿಲ್ಲ ಮಾವ, ನಿಮ್ಗೆ ಯಾಕೆ ತೊಂದ್ರೆ?" ಎಂದ ಪ್ರಸಾದ. ನಾನು ಅದನ್ನು ಒಪ್ಪಿಗೆ ಎಂದು ಸ್ವೀಕರಿಸಿದೆ.

"ಎಂತ ಮಾರ್ರೆ ನಿಮ್ಗೆ?" ಎಂದಳು ನನ್ನ ಹೆಂಡತಿ ಗಿರಿಜಾ. "ಮಗಳ ಸಂಸಾರ ಚೆಂದ ಉಂಟು. ಅದಕ್ಕೆ ಹೋಗಿ ಡೋಲು ಹೊಡೀಬೇಡಿ."

ಮೊದಲ ದಿನವೇ ಒಂದು ಕಹಿ ಸತ್ಯ ತಿಳಿಯಿತು. ಡ್ರಮ್ಮಿನ ಸೆಟ್ಟಿನಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಕಾಲಿನಿಂದ ಹೊಡೆಯಬೇಕು. ವಾದ್ಯವನ್ನು ಒದೆಯುವುದೇ! ಚಪ್ಪಲಿ ಬಿಚ್ಚಿಟ್ಟೆ. ಆದರೂ ಮನಸ್ಸು ಒಪ್ಪದೆ, ಒಮ್ಮೆ ಒದ್ದರೆ ಒಮ್ಮೆ ಮುಟ್ಟಿ ನಮಸ್ಕರಿಸಿದೆ. ನಮಸ್ಕಾರ ಮುಗಿಯುವಷ್ಟರಲ್ಲಿ ಹಾಡು ಎರಡು ಸಾಲು ಮುಂದೆ ಹೋಗಿರುತ್ತಿತ್ತು.

"ಪರವಾಗಿಲ್ಲ ಮಾವ," ಎಂದ ಪ್ರಸಾದ. ಬಾಸ್ ಗಿಟಾರಿನ ಶಿಂಧೆ ಮಾತ್ರ ಗೋಡೆ ನೋಡುತ್ತಿದ್ದ.

ಇಲ್ಲಿ ನನ್ನ ಪಾಪವನ್ನು ಬರೆಯಬೇಕು. ಕಾರ್ಯಕ್ರಮಕ್ಕೆ ಐದು ದಿನ ಇರುವಾಗ ಪ್ರಸಾದ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಅವನು ಕೈ ತೊಳೆಯಲು ಹೋದಾಗ ಮೇಜಿನ ಮೇಲಿದ್ದ ಅವನ ಫೋನಿಗೆ ಕರೆ ಬಂತು. ಎತ್ತಿದೆ. ಆ ಕಡೆ ಮುಂಬ್ರಾದ ಇಮ್ರಾನ್. ಹತ್ತು ವರ್ಷದಿಂದ ಡ್ರಮ್ ಬಾರಿಸುವವನು. "ಪ್ರಸಾದ್ ಭಾಯಿ ಕೋ ಬೋಲೋ, ಮೈ ಆ ಸಕ್ತಾ ಹೂಂ," ತಾನು ಬರಬಲ್ಲೆ ಎಂದ. ಅಳಿಯ ನನ್ನ ಬೆನ್ನ ಹಿಂದೆ ಬೇರೆಯವನನ್ನು ಹುಡುಕುತ್ತಿದ್ದಾನೆ! ನನ್ನ ಮೂವತ್ತೆಂಟು ವರ್ಷ ಒಮ್ಮೆಲೇ ತಲೆಗೇರಿತು.

"ಜರೂರತ್ ನಹೀ. ಮಿಲ್ ಗಯಾ," ಬೇಡ, ಜನ ಸಿಕ್ಕಾಯಿತು ಎಂದು ಫೋನಿಟ್ಟೆ.

"ಯಾರು ಮಾವ?"

"ಲೋನ್ ಬೇಕಾ ಅಂತ ಕೇಳ್ತಿದ್ರು."

ಅಂದಿನಿಂದ ನನ್ನ ಹೊಟ್ಟೆಯೊಳಗೆ ಬೇರೊಂದು ಡ್ರಮ್ಮು ಶುರುವಾಯಿತು. ಪ್ರಸಾದನ ಫೋನು ಟಿಣ್ ಎಂದರೆ ನಾನು ಬೆವರುತ್ತಿದ್ದೆ. ದಿಂಬು, ಅಕ್ಕಿ ಡಬ್ಬಿ, ಗಿರಿಜಾಳ ಇಡ್ಲಿ ಪಾತ್ರೆ, ಎಲ್ಲದರ ಮೇಲೂ ಅಭ್ಯಾಸ ಮಾಡಿದೆ. ಕೈ ಕೇಳುತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ನಿಜ ಹೇಳಿಬಿಡಬೇಕೆಂದು ಮೂರು ಸಲ ಫೋನು ಎತ್ತಿದೆ. ಮೂರು ಸಲವೂ "ಊಟ ಆಯ್ತಾ?" ಎಂದು ಕೇಳಿ ಇಟ್ಟೆ.

ಕಾರ್ಯಕ್ರಮದ ಹಿಂದಿನ ದಿನ ಡ್ರಮ್ಮುಗಳು ನಮ್ಮ ಮನೆಗೆ ಬಂದವು. ಪ್ರಾಯಶ್ಚಿತ್ತವೆಂದು ಎಲ್ಲವನ್ನೂ ಒರೆಸಿ, ಕುಂಕುಮ ಹಚ್ಚಿದೆ. ಜೊತೆಗೊಂದು ಕೊಳಕು ಕಂಬಳಿಯಂಥ ಕಾರ್ಪೆಟ್ಟು ಇತ್ತು, ಮೈತುಂಬಾ ಬೂಟಿನ ಗುರುತು. ಬೂಟು ತುಳಿದದ್ದರ ಮೇಲೆ ವಾದ್ಯ ಇಡುವುದೇ? ನೆನೆಹಾಕಿ, ಒಗೆದು, ಬಾಲ್ಕನಿಯಲ್ಲಿ ಒಣಹಾಕಿದೆ. ಬದಲಿಗೆ ಭಜನಾ ಮಂಡಳಿಯ ಹೊಸ ಪ್ಲಾಸ್ಟಿಕ್ ಚಾಪೆ ಸುತ್ತಿಟ್ಟೆ. ಚೀಲದ ತಳದಲ್ಲಿ ಒಂದು ಇಟ್ಟಿಗೆಯೂ ಸಿಕ್ಕಿತು. ಯಾರೋ ಕಿಡಿಗೇಡಿಗಳ ಕೆಲಸ ಎಂದುಕೊಂಡು ಕೆಳಗೆ ಹೋಗಿ ಎಸೆದು ಬಂದೆ.

ಮರುದಿನ ಮಧ್ಯಾಹ್ನ ನಾನೂ ಶಿಂಧೆಯೂ ಲೋಕಲ್ಲಿನ ಲಗೇಜ್ ಡಬ್ಬಿ ಹತ್ತಿದೆವು. ಒಂದು ಕಡೆ ಮೀನಿನ ಬುಟ್ಟಿ, ಇನ್ನೊಂದು ಕಡೆ ಸೊಪ್ಪಿನ ಮೂಟೆ, ನಡುವೆ ತೊಡೆಯ ಮೇಲೆ ದೊಡ್ಡ ಡ್ರಮ್ಮು ಹೊತ್ತ ನಾನು. ಮೀನಿನ ಹೆಂಗಸು ಕೇಳಿದಳು: "ಆಜೋಬಾ, ಲಗ್ನ ಕೋಣಾಚಂ?" ಯಾರ ಮದುವೆ ಎಂದು! ದಿವಾ ಸ್ಟೇಷನ್ ದಾಟುವಷ್ಟರಲ್ಲಿ ನನ್ನ ಪಂಚೆಗೆ ಬಂಗಡೆಯ ವಾಸನೆ ಬಂದಿತ್ತು.

ಠಾಣೆಯಲ್ಲಿ ರೈಲು ಬದಲಿಸಿ ಐರೋಲಿ ತಲುಪಿದೆವು. ವೇದಿಕೆಯ ಹಲಗೆ ಮುಖ ಕಾಣುವಷ್ಟು ನುಣುಪಾಗಿತ್ತು. ನಾನು ಚಾಪೆ ಹಾಸಿದೆ. ಶಿಂಧೆ ಬೆಚ್ಚಿದ.

"ಕಾಕಾ, ಕಾರ್ಪೆಟ್ ಕಹಾಂ ಹೈ?"

"ಧೋಕೆ ಸುಖಾಯಾ!" ಒಗೆದು ಒಣಹಾಕಿದ್ದೇನೆ ಎಂದೆ ಹೆಮ್ಮೆಯಿಂದ.

"ಔರ್ ಈಂಟ್?"

"ಇಟ್ಟಿಗೆಯಾ? ಫೇಂಕ್ ದಿಯಾ!"

ಅವನ ಮುಖದ ರಕ್ತವೆಲ್ಲ ಎಲ್ಲಿಗೋ ಹೋಯಿತು. ಕಾಲಿನಿಂದ ಹೊಡೆಯುವ ಡ್ರಮ್ಮು ಪ್ರತಿ ಏಟಿಗೂ ಮುಂದಕ್ಕೆ ಜಾರುತ್ತದಂತೆ. ಅದನ್ನು ಹಿಡಿದಿಡಲು ಕಾರ್ಪೆಟ್ಟು. ಕಾರ್ಪೆಟ್ಟಿಗೂ ಜಗ್ಗದಿದ್ದರೆ ಇಟ್ಟಿಗೆ. ಈ ಜ್ಞಾನ ನನಗೆ ದೊರೆಯುವಾಗ ನಮ್ಮ ಹೆಸರು ಕರೆದಾಗಿತ್ತು.

ಒಂದು ಏಟಿಗೆ ನಾಲ್ಕು ಬೆರಳು ಜಾರುತ್ತಿತ್ತು. ಡ್ರಮ್ಮು ಮುಂದೆ, ಸ್ಟೂಲು ಎಳೆದುಕೊಂಡು ನಾನು ಹಿಂದೆ. ಮೊದಲ ಹಾಡು ಮುಗಿಯುವಾಗ ಹಾಡುತ್ತಿದ್ದ ಪ್ರಸಾದನ ಪಕ್ಕಕ್ಕೆ ಬಂದಿದ್ದೆ. ಎರಡನೆಯ ಹಾಡಿನಲ್ಲಿ ಅವನನ್ನು ದಾಟಿದೆ! ಅವನು ಹಾಡಿನ ನಡುವೆಯೇ ನನ್ನ ಕಡೆ ನೋಡಿ ತುಟಿ ಅಲ್ಲಾಡಿಸಿದ: ಪರವಾಗಿಲ್ಲ ಮಾವ.

ನಿಲ್ಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಂಡಳಿಯಲ್ಲಿ ಒಂದು ನಿಯಮವಿದೆ: ಕರೆಂಟು ಹೋಗಲಿ, ಕರ್ಪೂರ ಆರಲಿ, ಮಂಗಳ ಮುಗಿಯುವ ತನಕ ಮೃದಂಗ ನಿಲ್ಲಬಾರದು. ನಾನು ನಿಯಮಕ್ಕೆ ನಿಷ್ಠನಾಗಿ ಒದೆಯುತ್ತಲೇ ಇದ್ದೆ. ಡ್ರಮ್ಮು ವೇದಿಕೆಯ ಅಂಚಿಗೆ ಹೋಯಿತು, ಒಂದು ಕ್ಷಣ ಯೋಚಿಸಿತು, ಕೆಳಗಿನ ಸಮೋಸಾ ಮೇಜಿನ ಮೇಲೆ ಬಿತ್ತು.

ಕೆಲವರು ಫೋನಿನಲ್ಲಿ ವೀಡಿಯೋ ತೆಗೆದರು, ಉಳಿದ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಎಂಟು ವರ್ಷಗಳಲ್ಲಿ ಆ ಬ್ಯಾಂಡಿಗೆ ಸಿಕ್ಕ ಅತಿ ದೊಡ್ಡ ಚಪ್ಪಾಳೆ ಅದು.

ಹೋಟೆಲು ಮಾಲೀಕರು ನಮ್ಮ ಊರ ಕಡೆಯವರೇ. ಮೆಲ್ಲಗೆ ಹೇಳಿದರು: "ಪ್ರಸಾದ್, ಹಾಡು ಲಾಯ್ಕ ಇತ್ತು. ಆದ್ರೆ ನಮ್ಮಲ್ಲಿ ಜನ ಊಟ ಮಾಡ್ತಾ ಇರ್ತಾರೆ. ಡ್ರಮ್ಮು ಸಾಂಬಾರಿಗೆ ಬಿದ್ರೆ ಎಂತ ಮಾಡುದು?"

ಐರೋಲಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತೆವು. "ಪರವಾಗಿಲ್ಲ ಮಾವ," ಎಂದ ಪ್ರಸಾದ. "ನೀವಾದ್ರೂ ಬಂದ್ರಿ. ಆ ಇಮ್ರಾನ್ ಅಂತೂ ಒಂದು ಫೋನೂ ಮಾಡ್ಲಿಲ್ಲ."

ಇದಕ್ಕಿಂತ ಅವನು ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು. ಎಲ್ಲವನ್ನೂ ಹೇಳಿದೆ. ಅವನು 'ಪರವಾಗಿಲ್ಲ' ಎನ್ನಲಿಲ್ಲ. ರೈಲು ಬಂತು, ಹೋಯಿತು. ಮುಂದಿನದೂ ಬಂತು. ಆಗಲೂ ಎನ್ನಲಿಲ್ಲ.

ಮರುದಿನ ವಿಳಾಸ ಹುಡುಕಿಕೊಂಡು ಮುಂಬ್ರಾಕ್ಕೆ ಹೋಗಿ, ನಾಲ್ಕು ಮಹಡಿ ಹತ್ತಿ, ಇಮ್ರಾನನ ಎದುರು ಕೈ ಮುಗಿದೆ. ಅವನು ನನ್ನನ್ನೇ ದಿಟ್ಟಿಸಿ, "ಚಾಚಾ, ಆಪ್ ಹೀ ಹೈ ಕ್ಯಾ? ವೀಡಿಯೋ ದೇಖಾ!" ವೀಡಿಯೋದವರು ನೀವೇನಾ ಎಂದು ಮನೆಯವರನ್ನೆಲ್ಲ ಕರೆದ. ಚಹಾ ಕುಡಿಸಿದ. ಬರುತ್ತೇನೆ ಎಂದ.

ಮುಂದಿನ ಕಾರ್ಯಕ್ರಮ ಕಲ್ಯಾಣದ ಒಂದು ಹೌಸಿಂಗ್ ಸೊಸೈಟಿಯ ಹಾಲಿನಲ್ಲಿ. ಅಮೃತಶಿಲೆಯ ನೆಲ. ನಾನು ಒಗೆದ ಕಾರ್ಪೆಟ್ಟು ಕುಗ್ಗಿ ಒರೆಸುವ ಬಟ್ಟೆಯಷ್ಟಾಗಿತ್ತು. ಮೊದಲ ಏಟಿಗೇ ಡ್ರಮ್ಮು ಜಾರಿತು. ಇಮ್ರಾನ್ ಶಿಂಧೆಯನ್ನು ನೋಡಿದ, ಶಿಂಧೆ ಪ್ರಸಾದನನ್ನು ನೋಡಿದ. ಯಾರೂ ನನ್ನನ್ನು ನೋಡಲಿಲ್ಲ. ನಾನೇ ಹೋಗಿ ಡ್ರಮ್ಮಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೆ. ಪ್ರತಿ ಏಟೂ ಬೆನ್ನುಮೂಳೆಗೆ ಬಂತು. ಹಳೆಯ ಚಾಳಿ, ತೊಡೆ ತಟ್ಟಿ ತಾಳ ಹಾಕತೊಡಗಿದೆ.

"ಮಾವ, ಅಲ್ಲಾಡ್ಬೇಡಿ!"

ಮೈಕಿನಲ್ಲಿ, ಇಡೀ ಸೊಸೈಟಿಯ ಎದುರು! ಅಳಿಯ ನನ್ನನ್ನು ಗದರಿಸಿದ್ದು ಅದೇ ಮೊದಲು. ಹೊಟ್ಟೆಯೊಳಗಿನ ಡ್ರಮ್ಮು ಆಗ ನಿಂತಿತು.

ವಾಶಿಯ ಮಾಲೀಕರು ಇನ್ನೊಮ್ಮೆ ನೋಡಲು ಒಪ್ಪಿದ್ದಾರೆ, ಡ್ರಮ್ಮು ಜಾರಬಾರದೆಂಬ ಷರತ್ತಿನ ಮೇಲೆ. "ಜಾರಲ್ಲ, ಮಾವ ಇದ್ದಾರೆ," ಎಂದನಂತೆ ಪ್ರಸಾದ. ನಾನು ಎದೆಯುಬ್ಬಿಸಿ ಇದನ್ನು ಗಿರಿಜಾಳಿಗೆ ಹೇಳಿದೆ: ಇಟ್ಟಿಗೆಯ ಜಾಗಕ್ಕೆ ಈಗ ನಾನೇ ಕಾಯಂ!

"ಇಟ್ಟಿಗೆಯೇ ವಾಸಿ ಇತ್ತು ಮಾರ್ರೆ," ಎಂದಳು. "ಅದು ಬೇರೆಯವರ ಫೋನ್ ಎತ್ತುತ್ತಿರ್ಲಿಲ್ಲ."