ಆಯ ನೋಡಿ ಮಾಡಿದ ಪುಸ್ತಕದ ಕಪಾಟು

1956ರ ಜೂನ್ 4, ಸೋಮವಾರ. ಡೈರಿಯಲ್ಲಿ ಹೀಗೆ ಬರೆದಿದ್ದೇನೆ: ‘ಪುಸ್ತಕದ ಕಪಾಟು ಮಾಡಿಸುವುದೆಂದು ನಿಶ್ಚಯ. ಇವತ್ತೂ ಯಾರೂ ಬರಲಿಲ್ಲ.’

ಓದಿದ ಹೆಂಗಸು ಏನು ಮಾಡಿಸಹೋದರೂ ನಗೆಪಾಟಲು ತಪ್ಪುವುದಿಲ್ಲ. ನಮ್ಮವರಿಗೆ ಚಾಮರಾಜನಗರದಿಂದ ಗುಂಡ್ಲುಪೇಟೆಗೆ ವರ್ಗವಾಗಿ ನಾವು ಬಂದು ಏಳು ತಿಂಗಳಾಗಿತ್ತು. ನಾನು ಬಿ.ಎ. ಎಂದು ಬೀದಿಯವರು ದೂರದಿಂದಲೇ ಕೈಮುಗಿಯುತ್ತಿದ್ದರು, ಒಳಗೆ ಬಂದು ಕೂರುತ್ತಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಪುಸ್ತಕಗಳು ಕಣ್ಣಿಗೆ ಬಿದ್ದರೆ ಒಬ್ಬಳಾದರೂ ಒಂದನ್ನು ಕೇಳಿ ಪಡೆದಾಳು, ತಿರುಗಿಸಿ ಕೊಡಲು ಬಂದಾಗ ಎರಡು ಮಾತಾಡಿಯಾಳು ಎಂಬುದು ನನ್ನ ಆಸೆ.

1. ಹಪ್ಪಳ

ಉದ್ದ ಹಲಗೆ ಭಾರಕ್ಕೆ ಬಾಗುತ್ತದೆಂದು ನಡುವೆ ಒಂದು ಅಡ್ಡಗೋಡೆ, ಎರಡು ಕಡೆ ನಾಲ್ಕು ನಾಲ್ಕು ಖಾನೆ, ಹಲಗೆಗಳೆಲ್ಲ ಅಂಟು ಹಾಕಿ ಮೊಳೆ ಹೊಡೆದದ್ದು ಎಂದು ನಕ್ಷೆ ಬರೆದೆ. ಕೇರಳದ ಲಾರಿಯಲ್ಲಿ ಪ್ಲೈವುಡ್ ಬಂತು. ಆಚಾರಿ ಅದನ್ನು ತಟ್ಟಿದ, ಮೂಸಿದ, ಬಗ್ಗಿಸಿದ.

“ಇದು ಮರ ಅಲ್ಲ ಕನವ್ವ, ಅಪ್ಪಳ.”

ತೆಳುಪದರಗಳನ್ನು ಅಡ್ಡಡ್ಡ ಅಂಟಿಸಿದರೆ ಎಷ್ಟು ಗಟ್ಟಿಯೆಂದು ಕಾಲು ಗಂಟೆ ವಿವರಿಸಿದೆ. ಎಲ್ಲ ಕೇಳಿ, ಮಳೆಗಾಲದಲ್ಲಿ ಮೆತ್ತಗಾದರೆ ಬಿಸಿಲಿಗೆ ಹಾಕಿ ಎಂದ.

2. ಆಯ

ಮನೆ ಕಟ್ಟುವಾಗ ಅಳತೆಗೆ ಶುಭ ಅಶುಭ ಲೆಕ್ಕ ಹಾಕುತ್ತಾರಲ್ಲ, ಆ ಆಯವನ್ನು ಈತ ಕಪಾಟಿಗೂ ನೋಡಿದ. ಹನ್ನೊಂದು ಅಂಗುಲ ಎತ್ತರದ ಖಾನೆ ಕೂಡಿಬರಲಿಲ್ಲವಂತೆ. ನನ್ನನ್ನು ಕೇಳದೆ ಒಂಬತ್ತಕ್ಕೆ ಇಳಿಸಿ ಮೊಳೆ ಹೊಡೆದೇಬಿಟ್ಟ. ದೊಡ್ಡ ಪುಸ್ತಕಗಳೆಲ್ಲ ಮಲಗಬೇಕಾಯಿತು. ರೇಗಿದೆ.

“ಅನ್ನೊಂದು ಮಡಗುದ್ರೆ ಯಜಮಾನ್ರು ಮನೇಲಿ ನಿಲ್ಲಕಿಲ್ಲ ಕನವ್ವ.”

ನಮ್ಮವರು ಕಂದಾಯ ಇಲಾಖೆಯ ಶೇಕದಾರರು. ತಿಂಗಳಲ್ಲಿ ಇಪ್ಪತ್ತು ದಿನ ಹಂಗಳದ ಕಡೆ ಸರ್ಕೀಟು. ಅವರು ಈಗಲೂ ನಿಲ್ಲುತ್ತಿಲ್ಲವಲ್ಲಪ್ಪ ಎಂದೆ. ಆಚಾರಿ ನಡುಮನೆಯ ಕಡೆ ಇಣುಕಿ ನಿಟ್ಟುಸಿರು ಬಿಟ್ಟ.

“ಅಂಗಾರೆ ಆ ಮಂಚಕ್ಕೂ ಯಾರೂ ಆಯ ನೋಡಿಲ್ಲ ಬುಡಿ.”

3. ಪ್ರದಕ್ಷಿಣೆ

ಕೆಲಸ ಮುಗಿದ ಶುಕ್ರವಾರ ಆಚಾರಿ ಕಪಾಟಿಗೆ ಅರಿಸಿನ ಕುಂಕುಮವಿಟ್ಟು ಕಾಯಿ ಒಡೆದ. ನೋಡಲು ಬೀದಿಯ ಹೆಂಗಸರು ಬಂದರು. ಯಾವ ಪುಸ್ತಕ ಬೇಕಾದರೂ ಒಯ್ಯಿರಿ ಎಂದೆ. ಪೂಜೆ ಆದದ್ದನ್ನು ಎತ್ತಿಕೊಂಡು ಹೋಗುವುದುಂಟೇ ಎಂದು ಕೆನ್ನೆ ಬಡಿದುಕೊಂಡರು. ಆಮೇಲೆ ಪ್ರತಿ ಶುಕ್ರವಾರ ಬಂದು ಹೂವಿಟ್ಟು, ಕೈಮುಗಿದು, ನನ್ನೊಡನೆ ಒಂದು ಮಾತೂ ಆಡದೆ ಹೋಗುತ್ತಿದ್ದರು.

ನಾಲ್ಕನೆಯ ಶುಕ್ರವಾರ ಎದುರುಮನೆಯ ಜವಳಿ ಅಂಗಡಿಯವರ ಹೆಂಡತಿ ಒಬ್ಬರೇ ಬಂದರು. ಮಗ ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸು. ಸೆಪ್ಟೆಂಬರಿನ ಪರೀಕ್ಷೆಯಲ್ಲಾದರೂ ಪಾಸಾಗಲೆಂದು ಕಪಾಟಿಗೆ ಮೂರು ಸುತ್ತು ಬರುತ್ತೇನೆಂದು ಹರಕೆ ಹೊತ್ತಿದ್ದರು. ಕಪಾಟು ಗೋಡೆಗೆ ಒರಗಿತ್ತು.

“ಈಚೆಗೆ ಎಳೆಯನ ಬನ್ನಿ ಅಕ್ಕಾವ್ರೆ.”

ಪುಸ್ತಕ ಇಳಿಸದೆ ಅದು ಅಲುಗದು ಎಂದೆ. ಪೂಜೆಯಾದದ್ದನ್ನು ನೀವು ಮುಟ್ಟಬಹುದೋ ಎಂದೂ ಕೇಳಿದೆ. ಸೇವೆಗಾಗಿ ಮುಟ್ಟಿದರೆ ದೋಷವಿಲ್ಲವಂತೆ. ಇಬ್ಬರೂ ಇಳಿಸತೊಡಗಿದೆವು. ಎರಡನೆಯ ಖಾನೆಯಲ್ಲಿ ಹಕ್ಕಿಗಳ ಚಿತ್ರದ ಪುಸ್ತಕವೊಂದು ಸಿಕ್ಕಿತು. ತೆರೆದವರು ಅಲ್ಲೇ ಕುಳಿತರು.

“ಈ ಅಕ್ಕಿ ನಮ್ಮ ಉಡಿಗಾಲದ ಕೆರೇಲದೆ.”

ಉಡಿಗಾಲ ಅವರ ತವರು. ಕೆರೆಯಿಂದ ತವರಿಗೆ, ತವರಿನಿಂದ ಅತ್ತೆಗೆ ಮಾತು ಹರಿಯಿತು. ಎರಡು ಸಲ ಕಾಫಿಯಾಯಿತು. ದೀಪ ಹಚ್ಚುವ ಹೊತ್ತಿಗೆ ಎದ್ದು ಹೋದರು. ಸುತ್ತು ಬರುವುದು ಇಬ್ಬರಿಗೂ ಮರೆತಿತ್ತು.

ಮುಂದಿನ ಶುಕ್ರವಾರವೂ ಇಳಿಸಿದೆವು, ಆಗಲೂ ಇನ್ನೊಂದು ಪುಸ್ತಕ ಸಿಕ್ಕಿತು. ಮೂರು ಸುತ್ತಿಗೆ ಏಳು ಶುಕ್ರವಾರ ಹಿಡಿಯಿತು. ಸೆಪ್ಟೆಂಬರಿನಲ್ಲಿ ಹುಡುಗ ಮತ್ತೆ ನಪಾಸಾದ. ಅಳುತ್ತ ಬಂದ ಆಕೆ, ಹರಕೆ ಮೊದಲಿಂದ ಶುರುಮಾಡಬೇಕು ಅಕ್ಕಾವ್ರೆ ಎಂದರು. ಸುಳ್ಳು ಹೇಳಬಾರದು, ನನಗೆ ಬೇಸರವಾಗಲಿಲ್ಲ.

ಪ್ಲೈವುಡ್ ಇಪ್ಪತ್ತೆಂಟು ರೂಪಾಯಿ. ಅಂಟು, ಮೊಳೆಗೆ ಎರಡು. ಕೂಲಿ ಹನ್ನೆರಡು. ಪೂಜೆಯ ಕಾಯಿ ನಾಲ್ಕಾಣೆ. ಒಟ್ಟು ನಲವತ್ತೆರಡು ರೂಪಾಯಿ ನಾಲ್ಕಾಣೆ. ಕಾಫಿಪುಡಿ ಸೇರಿಸಿಲ್ಲ.