ಬಿದ್ದದ್ದನ್ನು ಬಿದ್ದಿದೆ ಎನ್ನುವ ಕೆಲಸ

ದೇವರು ನನ್ನ ಪಾಲಿಗೆ ಇಂಥ ಪ್ರಸಂಗಗಳನ್ನು ಏಕೆ ಇಷ್ಟು ಧಾರಾಳವಾಗಿ ಕಳಿಸುತ್ತಾನೋ ತಿಳಿಯದು. ಒಂದು ಮುಗಿಯಿತಲ್ಲ ಎಂದು ಕೈ ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಕಳಿಸುವವನು ಅವನೇ ಆದ್ದರಿಂದ ನಾನೂ ಬೇಡ ಎನ್ನುವುದಿಲ್ಲ.

ಆಗ ನನಗೆ ನೋಯ್ಡಾದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಅರವತ್ತು ಜನ ಗಿರಾಕಿಗಳ ವೆಬ್‌ಸೈಟುಗಳನ್ನು ನಡೆಸಿಕೊಡುವುದು ಕಂಪನಿಯ ವ್ಯಾಪಾರ. ಸೈಟುಗಳಿದ್ದ ದೊಡ್ಡ ಕಂಪ್ಯೂಟರುಗಳು ಮುಂಬಯಿಯಲ್ಲಿದ್ದವು. ನೋಯ್ಡಾದ ನನ್ನ ಕೋಣೆಯಲ್ಲಿ ಒಂದು ಪ್ರೋಗ್ರಾಂ ಐದು ನಿಮಿಷಕ್ಕೊಮ್ಮೆ ಒಂದೊಂದೇ ಸೈಟಿನ ಬಾಗಿಲು ತಟ್ಟಿ ಬರುತ್ತಿತ್ತು. ಬಾಗಿಲು ತೆರೆದರೆ ಪರದೆಯ ಮೇಲೆ ಹಸಿರು. ತೆರೆಯದಿದ್ದರೆ ಕೆಂಪು, ಜೊತೆಗೆ ನನ್ನ ಮೊಬೈಲಿಗೂ ಬಾಸ್ ಮೊಬೈಲಿಗೂ ಒಂದು ಎಸ್ಸೆಮ್ಮೆಸ್. ಈ ಪ್ರೋಗ್ರಾಮನ್ನು ಕೂರಿಸಿ ಕಾಯುವವನು ನಾನು. ನನ್ನನ್ನು ಕಾಯುವವನು ಮಾನಿಟರ್ ಮೇಲೆ ಅಂಟಿಸಿದ್ದ ಪಟದಲ್ಲಿನ ಆಂಜನೇಯ. ಹೋಗಿ ನೋಡಿಕೊಂಡು ಬಂದು ಸುದ್ದಿ ಹೇಳುವುದು ಅವನಿಗೂ ಗೊತ್ತಿರುವ ಕೆಲಸವೇ.

ಆ ವರ್ಷ ನಮಗೆ ಅರವತ್ತನೆಯದಾಗಿ ಒಂದು ಸರ್ಕಾರಿ ಇಲಾಖೆಯ ಸೈಟು ಸಿಕ್ಕಿತು. ಬಾಸ್ ನನ್ನನ್ನು ಕರೆದು ಹೇಳಿದರು. ನನ್ನ ಹಣೆಯ ನಾಮ ನೋಡಿ ಅವರು ನನ್ನನ್ನು ಪಂಡಿತ್‌ಜೀ ಎಂದೇ ಕರೆಯುತ್ತಿದ್ದರು.

“ಪಂಡಿತ್‌ಜೀ, ಒಂದು ವರ್ಷದ ಕರಾರು. ವರ್ಷದ ಕೊನೆಗೆ ಅವರು ಮತ್ತೆ ಸಹಿ ಹಾಕಿದರೆ ನಿಮ್ಮ ಕೆಲಸ ಪರ್ಮನೆಂಟ್. ಹಾಕದಿದ್ದರೆ ನಿಮ್ಮ ಕೋಣೆ ಮುಚ್ಚುತ್ತೇನೆ. ನನಗೂ ಬೇಜಾರೇ, ಆದರೆ ಮುಚ್ಚುತ್ತೇನೆ.”

ಅಂದು ಸಂಜೆಯೇ ಹರಕೆ ಹೊತ್ತೆ. ಸಹಿ ಬಿದ್ದರೆ ಸ್ವಾಮಿಗೆ ನೂರೆಂಟು ವಡೆಯ ಮಾಲೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕೇಂದ್ರ ಸರ್ಕಾರದ ನೌಕರಳು. ದಿಲ್ಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸ್ ಅವಳ ಹೆಸರಿನಲ್ಲೇ ಇದ್ದುದರಿಂದ ಆ ಮನೆಯಲ್ಲಿ ನನ್ನ ಮಾತಿಗೆ ಅಷ್ಟಕ್ಕಷ್ಟೇ ಬೆಲೆ.

“ರೀ, ಹರಕೆ ನಿಮ್ಮದು. ವಡೆ ತಟ್ಟೋದು ಯಾರು?” ಎಂದಳು.

ಅತ್ತೆಯವರ ಪ್ರಶ್ನೆ

ಅತ್ತೆಯವರು ಊರಿನಿಂದ ಬಂದಿದ್ದರು. ಒಂದು ಬೆಳಿಗ್ಗೆ ನಾನು ಪೂಜೆ ಮುಗಿಸಿ ತೀರ್ಥ ಕೊಡುತ್ತಿದ್ದಾಗ ಕೇಳಿದರು.

“ಅಳಿಯಂದಿರೇ, ಆಫೀಸಲ್ಲಿ ನೀವು ಮಾಡೋದೇನು?”

“ಸೈಟುಗಳು ನಿಂತಿವೆಯೋ ಬಿದ್ದಿವೆಯೋ ಅಂತ ನೋಡ್ತಾ ಇರ್ತೀನಿ.”

“ಬಿದ್ದರೆ ನೀವು ಎತ್ತಿ ನಿಲ್ಲಿಸ್ತೀರಿ.”

“ಇಲ್ಲ, ನಿಲ್ಲಿಸೋರು ಬೇರೆ. ಬಿದ್ದಿದೆ ಅಂತ ನಾನು ಅವರಿಗೆ ಫೋನ್ ಮಾಡ್ತೀನಿ.”

“ನೋಡೋದೂ ನೀವೇನಾ?”

“ನೋಡೋದು ಪ್ರೋಗ್ರಾಂ. ಅದು ನೋಡ್ತಾ ಇದೆಯಾ ಅಂತ ನಾನು ನೋಡ್ತೀನಿ.”

ಅತ್ತೆಯವರು ತೀರ್ಥ ತೆಗೆದುಕೊಂಡು ಕೈಯನ್ನು ತಲೆಗೆ ಸವರಿಕೊಂಡರು. ದೇವರ ಕಡೆ ತಿರುಗಿ, “ಇದಕ್ಕೂ ಸಂಬಳ ಕೊಡಿಸ್ತಾ ಇದ್ದೀಯಲ್ಲಪ್ಪ, ನಿನ್ನ ಮಹಿಮೆ ದೊಡ್ಡದು” ಎಂದು ಭಕ್ತಿಯಿಂದ ಅಡ್ಡಬಿದ್ದರು.

ಹಸಿರು

ಬಾಗಿಲು ತೆರೆದರೆ ಸಾಲದು, ಒಳಗೆ ಮನೆಯವರು ಇದ್ದಾರೆಯೇ ಎಂದೂ ನೋಡಬೇಕು. ಅದಕ್ಕಾಗಿ ಪ್ರತಿ ಸೈಟಿಗೂ ಒಂದು ಪದ ಕೊಡುತ್ತಿದ್ದೆವು. ಪುಟದಲ್ಲಿ ಆ ಪದ ಕಂಡರೆ ಹಸಿರು. ಗಾಜಿಯಾಬಾದಿನಲ್ಲಿ ನೀರೆತ್ತುವ ಪಂಪು ತಯಾರಿಸುವ ಒಬ್ಬರ ಸೈಟಿಗೆ ನಾನು ‘ವೆಲ್‌ಕಮ್’ ಎಂಬ ಪದ ಕೊಟ್ಟೆ. ಬಂದವರನ್ನು ಸ್ವಾಗತಿಸುವ ಪದ, ಮಂಗಳಕರವಾಗಿದೆ ಎನಿಸಿತು.

ಒಂದು ದಿನ ಮುಂಬಯಿಯವರು ಆ ಸೈಟನ್ನು ಹೊಸ ಕಂಪ್ಯೂಟರಿಗೆ ಸಾಗಿಸುವಾಗ ಒಳಗಿನ ಸಾಮಾನು ಹಾಕುವುದನ್ನೇ ಮರೆತರು. ಹೊಸ ಕಂಪ್ಯೂಟರು ಖಾಲಿ ಇದ್ದಾಗ ತಾನಾಗಿಯೇ ಒಂದು ಪುಟ ತೋರಿಸುತ್ತದೆ. ಅದರಲ್ಲಿ ದೊಡ್ಡ ಅಕ್ಷರದಲ್ಲಿ ‘ವೆಲ್‌ಕಮ್, ನಿಮ್ಮ ಸೈಟು ಇಲ್ಲಿ ಬರಲಿದೆ’ ಎಂದಿರುತ್ತದೆ. ನನ್ನ ಪ್ರೋಗ್ರಾಂ ಐದು ನಿಮಿಷಕ್ಕೊಮ್ಮೆ ಹೋಗಿ ಆ ಪದ ನೋಡಿ ಸಂತೋಷದಿಂದ ಹಿಂತಿರುಗುತ್ತಿತ್ತು. ನಾಲ್ಕನೆಯ ದಿನ ಪಂಪಿನವರು ಫೋನ್ ಮಾಡಿದರು.

“ಭಾಯಿಸಾಬ್, ನನ್ನ ಪಂಪುಗಳೆಲ್ಲ ಎಲ್ಲಿ ಹೋದವು?”

ನಾನು ಪರದೆ ನೋಡಿದೆ. “ಎಲ್ಲ ಹಸಿರಾಗಿದೆಯಲ್ಲ ಸಾರ್.”

“ಹಸಿರು ನಿಮ್ಮಲ್ಲಿ. ಇಲ್ಲಿ ಬೋಳು.”

ಕ್ಷಮೆ ಕೇಳಿ, ಒಂದು ಗಂಟೆಯಲ್ಲಿ ಎಲ್ಲ ಸರಿಮಾಡಿಸಿ ಮತ್ತೆ ಫೋನ್ ಮಾಡಿದೆ. ಅವರು ಒಳ್ಳೆಯ ಮನುಷ್ಯರು, ಬೈಯಲಿಲ್ಲ. “ಒಂದು ಉಪಕಾರ ಮಾಡಿ. ಇನ್ನುಮೇಲೆ ಸೈಟು ಬಿದ್ದರೆ ನೀವು ಕಷ್ಟಪಡಬೇಡಿ, ನಾನೇ ಫೋನ್ ಮಾಡಿ ತಿಳಿಸುತ್ತೇನೆ” ಎಂದರು.

ಮಂಗಳಾರತಿ

ಎಸ್ಸೆಮ್ಮೆಸ್ ಬಂದದ್ದು ನನಗೆ ತಪ್ಪಬಾರದೆಂದು ಅದಕ್ಕೆ ದೇವಸ್ಥಾನದ ಗಂಟೆಯ ಸದ್ದು ಇಟ್ಟುಕೊಂಡಿದ್ದೆ. ಕೆಟ್ಟ ಸುದ್ದಿಯಾದರೂ ಒಳ್ಳೆಯ ನಾದದಲ್ಲಿ ಬರಲಿ ಎಂಬ ಆಸೆ.

ಒಂದು ಶನಿವಾರ ಸಂಜೆ ನಮ್ಮ ಕಾಲೋನಿಯ ಹತ್ತಿರದ ದೇವಸ್ಥಾನದಲ್ಲಿ ಭಜನೆ ನಡೆಯುತ್ತಿತ್ತು. ಹಾಡು ಹೇಳಿಕೊಡುತ್ತಿದ್ದವರು ಒಂದು ಪಲ್ಲವಿಯನ್ನೇ ಹಿಡಿದು ಬಹಳ ಹೊತ್ತಿನಿಂದ ಬಿಡುತ್ತಿರಲಿಲ್ಲ. ಆಗ ನನ್ನ ಜೇಬಿನಲ್ಲಿ ಗಂಟೆ ಬಾರಿಸಿತು. ಇಲಾಖೆಯ ಸೈಟು ಬಿದ್ದಿತ್ತು. ನಾನು ಜೇಬು ಹಿಡಿದುಕೊಂಡು ಎದ್ದು ನಿಂತೆ. ನಾನು ಎದ್ದದ್ದನ್ನೂ ಗಂಟೆಯನ್ನೂ ಸೇರಿಸಿ ನೋಡಿದ ಪಕ್ಕದವರು ಮಂಗಳಾರತಿ ಎಂದುಕೊಂಡು ಎದ್ದರು. ಅವರನ್ನು ನೋಡಿ ಸಾಲು ಸಾಲೇ ಎದ್ದಿತು. ಗರ್ಭಗುಡಿಯಲ್ಲಿ ಹೂ ಬಿಡಿಸುತ್ತಿದ್ದ ಅರ್ಚಕರು ತಿರುಗಿ ನೋಡಿದರೆ ಸಭೆಯೆಲ್ಲ ಕೈ ಮುಗಿದು ನಿಂತಿದೆ. ಅವರು ಗಾಬರಿಯಿಂದ ಕರ್ಪೂರ ಹಚ್ಚಿಯೇ ಬಿಟ್ಟರು.

ನಾನು ಹೊರಗೆ ಓಡಿ ಮುಂಬಯಿಗೆ ಫೋನ್ ಮಾಡಿದೆ. ಆರು ನಿಮಿಷದಲ್ಲಿ ಸೈಟು ಎದ್ದಿತು. ತಪ್ಪೊಪ್ಪಿಕೊಳ್ಳೋಣವೆಂದು ಒಳಗೆ ಬಂದರೆ ಪಂಕ್ತಿ ಕೂರಿಸಿ ಪುಳಿಯೋಗರೆ ಬಡಿಸುತ್ತಿದ್ದಾರೆ. ಒಬ್ಬ ಹಿರಿಯರು ನನ್ನ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು. “ಮುಂದಿನ ಶನಿವಾರವೂ ಬರ್ತೀರಿ ತಾನೇ? ಫೋನ್ ತರೋದು ಮರೀಬೇಡಿ.”

ಮಂಗಳವಾರದ ಅತಿಥಿ

ಒಂದು ಮಂಗಳವಾರ ಮಧ್ಯಾಹ್ನ ಪರದೆಯ ಮೇಲೆ ಅರವತ್ತಕ್ಕೆ ಅರವತ್ತೂ ಕೆಂಪಾದವು. ಬಾಸ್ ಅಂದು ತಂಗಿಯ ಮಗಳ ಮದುವೆಯಲ್ಲಿದ್ದರು. ಎಸ್ಸೆಮ್ಮೆಸ್ ಕಳಿಸುವ ಡಬ್ಬಿಗೆ ಇಂಟರ್ನೆಟ್ ಬೇಕಿರಲಿಲ್ಲ, ಅದಕ್ಕೆ ತನ್ನದೇ ಸಿಮ್ಮು. ಅರವತ್ತು ಎಸ್ಸೆಮ್ಮೆಸ್ಸುಗಳು ಒಂದರ ಹಿಂದೊಂದು ಅವರ ಶೇರ್ವಾನಿಯ ಜೇಬಿನೊಳಗೆ ಹೋಗಿ ಬಿದ್ದವು. ಗುಲಾಬಿ ಪೇಟ ಸುತ್ತಿಕೊಂಡೇ ಆಫೀಸಿಗೆ ಬಂದರು.

“ಪಂಡಿತ್‌ಜೀ, ಏನು ಪ್ರಳಯವೇ?”

ಪ್ರಳಯ ಆಗಿದ್ದು ನಮ್ಮ ಮಾಳಿಗೆಯಲ್ಲಿ. ಇಂಟರ್ನೆಟ್ಟಿನ ತಟ್ಟೆಯಿಂದ ಬರುವ ತಂತಿಯನ್ನು ಒಂದು ದೊಡ್ಡ ಕೋತಿ ಕಿತ್ತು ಕೈಯಲ್ಲಿ ಹಿಡಿದುಕೊಂಡು ಕೂತಿತ್ತು. ಸೈಟುಗಳೆಲ್ಲ ಗಟ್ಟಿಯಾಗಿಯೇ ಇದ್ದವು. ನಮಗೇ ಜಗತ್ತು ಕಾಣುತ್ತಿರಲಿಲ್ಲ.

“ಕರೆಸಿ ಲಂಗೂರ್‌ವಾಲಾನನ್ನು” ಎಂದರು ಬಾಸ್. ಆಗ ಕಪ್ಪು ಮೂತಿಯ ಮುಸುವವನ್ನು ಹಗ್ಗ ಕಟ್ಟಿ ತಂದು ಕೋತಿಗಳನ್ನು ಓಡಿಸಿಕೊಡುವವರು ದಿಲ್ಲಿಯಲ್ಲಿ ಸಿಗುತ್ತಿದ್ದರು.

“ಸಾರ್, ನಿಮ್ಮ ಕಡೆ ಮಂಗಳವಾರ ಆಂಜನೇಯನ ದಿನ, ಅವತ್ತೇ ಬಂದಿದ್ದಾನೆ. ಓಡಿಸಬಾರದು” ಎಂದೆ. ನೈವೇದ್ಯಕ್ಕೆಂದು ತಂದಿದ್ದ ಬಾಳೆಹಣ್ಣು ಇಟ್ಟು ನಮಸ್ಕಾರ ಮಾಡಿದೆ. ಅದು ತಂತಿ ಬಿಟ್ಟು ಹಣ್ಣು ತೆಗೆದುಕೊಂಡಿತು. ನಾವು ತಂತಿ ಸಿಕ್ಕಿಸಿಕೊಂಡೆವು.

ಅಂದಿನಿಂದ ಪ್ರತಿ ಮಂಗಳವಾರ ಅದೇ ಹೊತ್ತಿಗೆ ಬಂದು ತಂತಿ ಅಲ್ಲಾಡಿಸತೊಡಗಿತು. ಕೀಳುತ್ತಿರಲಿಲ್ಲ, ಹಣ್ಣು ಬರುವ ತನಕ ಅಲ್ಲಾಡಿಸುತ್ತಿತ್ತು, ಅಷ್ಟೆ. ಬಾಸ್ ನೋಡಿ ನೋಡಿ ಕೊನೆಗೊಮ್ಮೆ ಹೇಳಿದರು. “ಪಂಡಿತ್‌ಜೀ, ನಮ್ಮ ಆಫೀಸಿನಲ್ಲಿ ಬೀಳುವ ಮೊದಲೇ ಎಚ್ಚರಿಕೆ ಕೊಡುವುದು ಇದೊಂದೇ.”

ರಾಯರ ರಿಜಿಸ್ಟರು

ಕೋತಿಯಿಂದ ನಾವು ಕಲಿತ ಪಾಠವೆಂದರೆ ಆಫೀಸಿನ ಹೊರಗಿನಿಂದಲೂ ಯಾರಾದರೂ ಸೈಟು ನೋಡುತ್ತಿರಬೇಕು. ಎಲ್ಲವನ್ನಲ್ಲದಿದ್ದರೂ ಇಲಾಖೆಯದನ್ನು. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ರಾಯರಿದ್ದರು. ಸೆಕ್ಷನ್ ಆಫೀಸರಾಗಿ ರಿಟೈರ್ ಆಗಿ ಮಗನ ಕ್ವಾರ್ಟರ್ಸಿನಲ್ಲಿ ಹೊತ್ತು ಕಳೆಯುತ್ತಿದ್ದರು. ಮಗ ಆಗಷ್ಟೇ ಬ್ರಾಡ್‌ಬ್ಯಾಂಡ್ ಹಾಕಿಸಿದ್ದ.

“ರಾಯರೇ, ಬಿಡುವಾದಾಗ ಈ ಸೈಟು ತೆರೆಯುತ್ತದೆಯಾ ಅಂತ ನೋಡ್ತೀರಾ? ತೆರೆಯದಿದ್ದರೆ ನನಗೊಂದು ಫೋನ್.”

“ಬಿಡುವಾದಾಗ ಅಂದರೆ ಹೇಗಪ್ಪಾ? ಕೆಲಸ ಅಂದಮೇಲೆ ಟೈಮು ಬೇಕು” ಎಂದರು.

ಮರುದಿನ ಸಂಜೆ ಇಳಿದು ಹೋಗಿ ನೋಡಿದರೆ ರಟ್ಟಿನ ಬೈಂಡಿನ ಒಂದು ರಿಜಿಸ್ಟರು ತೆರೆದಿದ್ದರು. ಮೊದಲ ಪುಟದಲ್ಲಿ, ಈ ರಿಜಿಸ್ಟರಿನಲ್ಲಿ ಇಷ್ಟು ಪುಟಗಳಿವೆ ಎಂಬ ಪ್ರಮಾಣಪತ್ರ. ಒಳಗೆ ಕೆಂಪು ಶಾಯಿಯ ಗೆರೆ, ಕ್ರಮಸಂಖ್ಯೆ, ವೇಳೆ, ಸ್ಥಿತಿ, ರಿಮಾರ್ಕ್ಸ್, ಸಹಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಗಂಟೆಗೊಂದು ಸಲ ‘ತೆರೆಯಿತು, ಸುಸ್ಥಿತಿಯಲ್ಲಿದೆ’ ಎಂದು ಬರೆದು ಸಹಿ. ಮಧ್ಯಾಹ್ನ ಒಂದು ಗಂಟೆಯ ಸಾಲು ಮಾತ್ರ ಖಾಲಿ.

“ಇದೇನು ರಾಯರೇ?”

“ಲಂಚ್.”

ಒಮ್ಮೆ ಸರ್ಕಾರಿ ರಜೆಯ ದಿನ ಸೈಟು ಅರ್ಧ ಗಂಟೆ ಬಿದ್ದಿತ್ತು. ಸಂಜೆ ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದೆ. “ರಾಯರೇ, ಇವತ್ತು ಬಿದ್ದದ್ದು ನೋಡಿದಿರಾ?”

“ನೋಡಿದೆ.”

“ಮತ್ತೆ ಫೋನ್ ಮಾಡಲಿಲ್ಲ?”

“ರಜೆಯ ದಿನ ನಾನು ನೋಡಿದ್ದು ಸ್ವಂತ ಸಂತೋಷಕ್ಕೆ” ಎಂದರು.

ಕೂಲರು

ವರ್ಷ ತುಂಬಿತು. ಇಲಾಖೆಯಿಂದ ಮೀಟಿಂಗಿಗೆ ಕರೆ ಬಂತು, ಜೊತೆಗೆ ಒಂದು ದೂರು. ಮೇ ತಿಂಗಳ ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಸೈಟು ತೆರೆಯಲೇ ಇಲ್ಲ, ಹೀಗಿರುವಾಗ ಕರಾರು ಏಕೆ ಮುಂದುವರಿಸಬೇಕು ಎಂದು. ಆ ದಿನ ನನಗೂ ನೆನಪಿತ್ತು. ಇಲಾಖೆಯವರು ಫೋನಿನಲ್ಲಿ ಕೂಗಾಡಿದ್ದರು. ನಮ್ಮ ಪರದೆಯಲ್ಲಿ ಹಸಿರೇ ಇತ್ತು. ಪಂಪಿನ ಪ್ರಸಂಗದ ನಂತರ ಹಸಿರನ್ನು ನಂಬಲು ನನಗೇ ಧೈರ್ಯವಿರಲಿಲ್ಲ. ರಾಯರಿಗೆ ಫೋನ್ ಮಾಡಿ ಕೇಳಿದ್ದೆ. ತೆರೆಯುತ್ತದೆ ಎಂದಷ್ಟೇ ಹೇಳಿದ್ದರು. ಸಂಜೆ ಇಲಾಖೆಯಲ್ಲೂ ತಾನಾಗಿ ಸರಿಹೋಯಿತು. ಸ್ವಾಮಿಯ ದಯೆ ಎಂದು ಸುಮ್ಮನಾಗಿದ್ದೆ.

ಬಾಸ್ ನಲವತ್ತು ಪುಟದ ಕಂಪ್ಯೂಟರ್ ದಾಖಲೆ ಅಚ್ಚು ಮಾಡಿಸಿದರು. ರಿಜಿಸ್ಟರನ್ನೂ ತರಲು ಹೇಳಿದರು. ರಾಯರು ಒಪ್ಪಲಿಲ್ಲ.

“ರಿಜಿಸ್ಟರು ನನ್ನ ಕಸ್ಟಡಿಯಲ್ಲಿದೆ. ಅದು ಹೋದಲ್ಲಿ ನಾನೂ ಹೋಗಬೇಕು” ಎಂದು ಕೋಟು ಹಾಕಿಕೊಂಡು ಹೊರಟರು.

ಇಲಾಖೆಯ ಅಧಿಕಾರಿ ನಮ್ಮ ನಲವತ್ತು ಪುಟ ತಿರುವಿದರು. “ಇದಕ್ಕೆ ಸಹಿ ಯಾರದು?”

“ಮಿಷಿನ್ ಬರೆದದ್ದು ಸಾರ್” ಎಂದರು ಬಾಸ್.

“ಮಿಷಿನ್ನನ್ನು ನಾಳೆ ಎನ್‌ಕ್ವೈರಿಗೆ ಕರೆದರೆ ಬರುತ್ತದೆಯೇ?”

ಬಾಸ್ ನನ್ನ ಮುಖ ನೋಡಿದರು. ನಾನು ಮನಸ್ಸಿನಲ್ಲೇ ಸ್ವಾಮಿಯ ಮುಖ ನೋಡಿದೆ. ಕೋಣೆ ಮುಚ್ಚಿತು ಎಂದೇ ಅಂದುಕೊಂಡೆ. ಆಗ ರಾಯರು ರಿಜಿಸ್ಟರನ್ನು ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟರು.

ಅಧಿಕಾರಿ ಮೊದಲ ಪುಟದ ಪ್ರಮಾಣಪತ್ರ ಓದಿದರು. ಕುರ್ಚಿಯಲ್ಲಿ ನೆಟ್ಟಗೆ ಕೂತರು. ಮೇ ತಿಂಗಳಿಗೆ ತಿರುವಿದರು. ಅವತ್ತಿನ ಸಾಲುಗಳೆಲ್ಲ ‘ತೆರೆಯಿತು, ಸುಸ್ಥಿತಿಯಲ್ಲಿದೆ’. ಹನ್ನೊಂದು ಗಂಟೆಯ ಸಾಲಿನಲ್ಲಿ ಮಾತ್ರ ರಿಮಾರ್ಕ್ಸ್ ಇತ್ತು. ಗಟ್ಟಿಯಾಗಿ ಓದತೊಡಗಿದರು.

“ದೂರು ಬಂದ ಕಾರಣ ಇಲಾಖೆಗೆ ಫೋನ್ ಮಾಡಿ ವಿಚಾರಿಸಲಾಯಿತು. ಸೈಟಿನಲ್ಲಿ ದೋಷವಿಲ್ಲ. ಸಾಹೇಬರ ಕೋಣೆಯ ಕೂಲರ್ ಹಾಕುವ ಸಲುವಾಗಿ ಇಂಟರ್ನೆಟ್ ಡಬ್ಬಿಯ ಪ್ಲಗ್ ಕಿತ್ತಿರುವುದಾಗಿ ಅಲ್ಲಿನ ಗುಮಾಸ್ತರು ತಿಳಿಸಿದರು.”

ಓದುತ್ತ ಓದುತ್ತ ಅವರ ದನಿ ಇಳಿಯಿತು. ಕೂಲರು ಅವರ ಬೆನ್ನ ಹಿಂದೆಯೇ ಗುರುಗುಟ್ಟುತ್ತಿತ್ತು. ನಾವು ಮೂವರೂ ಗೋಡೆಯ ಕ್ಯಾಲೆಂಡರ್ ನೋಡಿದೆವು.

ಅಧಿಕಾರಿ ಹಿಂದುಮುಂದಿನ ಪುಟಗಳನ್ನು ತಿರುವಿ ಕೇಳಿದರು. “ಒಂದು ಗಂಟೆಯ ಸಾಲು ದಿನವೂ ಖಾಲಿ ಇದೆಯಲ್ಲ?”

“ಲಂಚ್” ಎಂದರು ರಾಯರು.

“ಅಚ್ಛಾ. ನಮ್ಮಲ್ಲೂ ಅದೇ ಹೊತ್ತು” ಎಂದು ಪೆನ್ನಿನ ಮುಚ್ಚಳ ತೆಗೆದು ಸಹಿ ಹಾಕಿದರು.

ಹೊರಗೆ ಬಂದಮೇಲೆ ನಾನು ಕೇಳಿದೆ. “ರಾಯರೇ, ಈ ಕೂಲರಿನ ವಿಷಯ ಅವತ್ತೇ ಯಾಕೆ ಹೇಳಲಿಲ್ಲ? ಇಷ್ಟು ತಿಂಗಳು ಹೆದರಿಕೊಂಡೇ ಇದ್ದೆನಲ್ಲ.”

“ನೀವು ಕೇಳಿದ್ದು ಸೈಟು ತೆರೆಯುತ್ತದೆಯಾ ಅಂತ. ಉತ್ತರ ಕೊಟ್ಟೆ. ಉಳಿದದ್ದು ರಿಮಾರ್ಕ್ಸಿನಲ್ಲಿದೆ, ನೀವು ಒಂದು ದಿನವಾದರೂ ತೆರೆದು ಓದಿದಿರಾ?”

ಚಾರ್ಜು

ಹರಕೆಯ ದಿನ ಬಂತು. ಹೆಂಡತಿ ಬೈದುಕೊಂಡೇ ನಸುಕಿನಲ್ಲಿ ಎದ್ದು ನೂರೆಂಟು ವಡೆ ತಟ್ಟಿದಳು. ನಾನು ದಾರಕ್ಕೆ ಪೋಣಿಸಿದೆ. ಕೆಲಸದ ದಿನವೇ ಆದ್ದರಿಂದ ರಾಯರನ್ನು ಕರೆಯಲು ಹೋದಾಗ ಅವರು ಒಂದು ಹಾಳೆ ಕೈಗೆ ಕೊಟ್ಟರು. ದೇವತಾಕಾರ್ಯದ ನಿಮಿತ್ತ ಅರ್ಧ ದಿನದ ಕ್ಯಾಶುಯಲ್ ಲೀವ್ ಕೋರಿ ನನಗೆ ಬರೆದ ಅರ್ಜಿ.

“ರಾಯರೇ, ಇದೆಲ್ಲ ಯಾಕೆ? ಬನ್ನಿ.”

“ಮಂಜೂರಾಗದೆ ಬರೋ ಹಾಗಿಲ್ಲ.”

ಮಂಜೂರು ಮಾಡಿದೆ. ಬಂದರು, ಮಂಗಳಾರತಿ ತೆಗೆದುಕೊಂಡರು, ಐದು ವಡೆ ತಿಂದರು. ಬರುವಾಗ ರಿಜಿಸ್ಟರನ್ನೂ ಕಂಕುಳಲ್ಲಿ ತಂದಿದ್ದರು. ಪೂಜೆಗೆ ಇಡುತ್ತಾರೇನೋ ಎಂದುಕೊಂಡೆ. ಅರ್ಚಕರ ಹತ್ತಿರ ಅದನ್ನು ಹಿಡಿದುಕೊಂಡು ಏನೋ ಗುಸುಗುಸು ಮಾತಾಡಿದ್ದನ್ನು ಮಾತ್ರ ಕಂಡೆ.

ಈ ಸಲ ಬುದ್ಧಿ ಬಂದಿತ್ತು. ಮರುದಿನ ಆಫೀಸಿಗೆ ಹೊರಡುವ ಮೊದಲು ರಾಯರ ಮನೆಗೆ ಹೋಗಿ ರಿಮಾರ್ಕ್ಸ್ ಓದಿದೆ. ಹಿಂದಿನ ದಿನದ ಹತ್ತು ಗಂಟೆಯ ಸಾಲಿನಲ್ಲಿ ಹೀಗಿತ್ತು. ‘ಕೆಳಗೆ ಸಹಿ ಮಾಡಿರುವವನು ರಜೆಯ ಮೇಲಿರುವುದರಿಂದ ಸೈಟಿನ ಚಾರ್ಜನ್ನು ಶ್ರೀ ಆಂಜನೇಯ ಸ್ವಾಮಿಗೆ ವಹಿಸಲಾಗಿದೆ.’ ಅದರ ಕೆಳಗೆ, ಎರಡು ಗಂಟೆಯ ಸಾಲಿನಲ್ಲಿ, ‘ಚಾರ್ಜ್ ಹಿಂದಕ್ಕೆ ಪಡೆಯಲಾಯಿತು. ಸೈಟು ಸುಸ್ಥಿತಿಯಲ್ಲಿದೆ.’

ವಹಿಸಿಕೊಟ್ಟವರ ಜಾಗದಲ್ಲಿ ರಾಯರ ಸಹಿ. ವಹಿಸಿಕೊಂಡವರ ಜಾಗದಲ್ಲಿ, ಅರ್ಚಕರ ಬೆರಳಿನಿಂದ ಒತ್ತಿಸಿದ ಒಂದು ಬೊಟ್ಟು ಸಿಂಧೂರ.

ನಾನು ಕಣ್ಣಿಗೊತ್ತಿಕೊಂಡು ಸಾಲು ಸಾಲಾಗಿ ಮತ್ತೊಮ್ಮೆ ಓದಿದೆ. ಹನ್ನೊಂದಕ್ಕೆ ಸಿಂಧೂರ, ಹನ್ನೆರಡಕ್ಕೆ ಸಿಂಧೂರ. ಒಂದು ಗಂಟೆಯ ಸಾಲಿನಲ್ಲೂ ಸಿಂಧೂರವಿತ್ತು.

“ರಾಯರೇ, ಒಂದು ಗಂಟೆಗೂ ಇದೆಯಲ್ಲ?”

ರಾಯರು ಕನ್ನಡಕ ಏರಿಸಿ ನೋಡಿ, ಸ್ವಲ್ಪ ಅಸಮಾಧಾನದಿಂದಲೇ ಹೇಳಿದರು. “ಹೊಸಬರು ನೋಡಿ. ಲಂಚ್ ಟೈಮು ಗೊತ್ತಿಲ್ಲ.”